ಏಳನೇ ನಂಬರು

ಎಸ್.ಪಿ. ರೋಡಿನ ಹಿಂದಣ ಓಣಿಯಲ್ಲಿ ತಿಪ್ಪೇಶನ ಅಂಗಡಿ.
ಮೂರು ಮಂದಿ ಕೂತರೆ ನಾಲ್ಕನೆಯವನು ಮೆಟ್ಟಿಲ ಮೇಲೆ.
ಮಂಗಳವಾರ, ಶುಕ್ರವಾರ ನಾನೂ ಬರುತ್ತೇನೆ,
ಸೋದರತ್ತೆ ಅನ್ನುವ ಸಲಿಗೆಯಲ್ಲಿ, ಸುಮ್ಮನೆ;
ಕೈಗೆ ಸ್ಕ್ರೂಡ್ರೈವರ್ ಸಿಕ್ಕರೆ ಮಂಡಿನೋವು ಮರೆತಿರುತ್ತದೆ.

ನಿನ್ನೆ ಒಬ್ಬರು ಬಂದರು, ಜಯಸಿಂಹ ಅಂತ,
ಹಳೇ ಟವಲಿನಲ್ಲಿ ಕ್ಯಾಸೆಟ್ ರೆಕಾರ್ಡರ್ ಸುತ್ತಿಕೊಂಡು.
"ಹಾಡಿನದಲ್ಲ ಮೇಡಂ, ಕಂಪ್ಯೂಟರಿನದು.
ಟಿವಿಗೆ ಸಿಕ್ಕಿಸುತ್ತಿದ್ದೆವಲ್ಲ, ರಬ್ಬರ್ ಗುಂಡಿಗಳ ಪುಟಾಣಿ,
ಕರೆಂಟು ಹೋದರೆ ಅದಕ್ಕೆ ಎಲ್ಲ ಮರೆತುಹೋಗೋದು.
ನೆನಪೇನಿದ್ದರೂ ಇದರಲ್ಲಿ."

ನಾಲ್ಕು ಸ್ಕ್ರೂ. ಒಂದರ ತಲೆ ತುಕ್ಕಿಗೆ ಸವೆದಿತ್ತು.
ಬೆನ್ನು ಕಳಚಿದೆ. ಬೆಲ್ಟು ಕರಗಿ
ಹಲಸಿನ ಮೇಣದ ಹಾಗೆ ಬೆರಳಿಗೆ ಹತ್ತಿತು, ಕರ್ರಗೆ.
ಸೀಮೆಎಣ್ಣೆ ಹಚ್ಚಿ ಒರೆಸಿ, ದೀಪಕ್ಕೆ ಹಿಡಿದರೆ
ಒಳಗೋಡೆಯಲ್ಲಿ ನೇರಳೆ ಶಾಯಿಯ ಪುಟ್ಟ ಸೊನ್ನೆ,
ಸೊನ್ನೆಯೊಳಗೆ ಏಳು.

ಏಳು, ನಾನು.

ಪೀಣ್ಯ ಎರಡನೇ ಹಂತ, ಎಂಬತ್ತನಾಲ್ಕು. ತಗಡಿನ ಶೆಡ್ಡು.
ಗುಲ್ಜಾರ್ ಮೋಟಾರು ಕೂರಿಸುವಳು, ಎಸ್ತರ್ ಬೆಸುಗೆ,
ಸುಂದರವಲ್ಲಿ ಬೆಲ್ಟು, ದವಡೆಯಲ್ಲಿ ಸದಾ ಒಣಶುಂಠಿ.
ಕೊನೆಯ ಮೇಜು ನನ್ನದು. ಒತ್ತುವುದು.
ಪ್ಲೇ, ಸ್ಟಾಪ್, ಪ್ಲೇ, ಸ್ಟಾಪ್,
ಹತ್ತರಲ್ಲಿ ಒಂದಕ್ಕೆ ಇನ್ನೂರು ಸಲ, ಮಿಕ್ಕವಕ್ಕೆ ಇಪ್ಪತ್ತು,
ಆಮೇಲೆ ಮುದ್ರೆ.
ಹೆಬ್ಬೆರಳ ಬುಡ ಜಡ್ಡುಗಟ್ಟಿತ್ತು. ಧಾರೆ ಎರೆಯುವಾಗ
"ಏನಮ್ಮಾ, ದಿನಾ ರಾಗಿ ಬೀಸ್ತೀಯಾ?" ಅಂದರು ಪುರೋಹಿತರು.
ಹೂಂ ಅಂದೆ. ಅಷ್ಟು ಜನರೆದುರು ಇನ್ನೇನು ಹೇಳಲಿ!

ಫೋರ್‌ಮನ್ ದಕ್ಷಿಣಾಮೂರ್ತಿ ಅನ್ನುತ್ತಿದ್ದರು:
"ಅಗ್ಗದ ಮಾಲು ಕಣ್ರಮ್ಮಾ. ಒಂದೇ ಸ್ಪೀಕರು, ಒಂದೇ ಮೋಟಾರು.
ಐದು ವರ್ಷ ಬಾಳಿದರೆ ಪುಣ್ಯ."
ಅವರು ಹೋಗಿ ಹತ್ತೊಂಬತ್ತು ವರ್ಷ.
ಶೆಡ್ಡಿದ್ದ ಕಡೆ ಈಗ ಗ್ರಾನೈಟ್ ಕೊಯ್ಯುತ್ತಾರೆ.
ಕೆಡುವುದಕ್ಕೆ ಇದರೊಳಗೆ ಹೆಚ್ಚೇನೂ ಇರಲಿಲ್ಲ, ಅಷ್ಟೆ.

ನಲವತ್ತು ರೂಪಾಯಿಯ ಬೆಲ್ಟು. ಹೆಡ್ಡಿಗೆ ಹತ್ತಿ, ಸ್ಪಿರಿಟ್ಟು.
ಒತ್ತಿದೆ. ಕಟಕ್.
ಬೀಗದ ಹಲ್ಲು ಕೂತಂಥ ಆ ಸದ್ದು
ಬೆರಳಿಗೆ ಮೊದಲು ಗೊತ್ತಾಯಿತು, ಕಿವಿಗೆ ಆಮೇಲೆ.

ಅವರ ಕ್ಯಾಸೆಟ್ಟಿನ ಚೀಟಿಯಲ್ಲಿ 'ಹರಿಕಥೆ' ಹೊಡೆದುಹಾಕಿ
'ಕಂಪ್ಯೂಟರ್. ಯಾರೂ ಮುಟ್ಟಬಾರದು' ಅಂತಿತ್ತು.
ಹಾಕಿದರೆ ಕಾದೆಣ್ಣೆಗೆ ನೀರು ಬಿದ್ದಂತೆ ಕಿರುಚಾಟ.
"ಸ್ವಲ್ಪ ಮಂಕಾಗಿದೆ," ಅಂದರು. ಮಂಕು!
ಹೆಡ್ಡಿನ ಪಕ್ಕದ ಸ್ಕ್ರೂವನ್ನು ಬಲಕ್ಕೆ ಕೂದಲೆಳೆಯಷ್ಟು,
ಮತ್ತೊಂದು ಕೂದಲೆಳೆಯಷ್ಟು ತಿರುಗಿಸಿದೆ.
ಕಿರುಚಾಟ ಮೊನಚಾಯಿತು. ತಿಪ್ಪೇಶ ಕಿವಿ ಮುಚ್ಚಿಕೊಂಡ.
ಹಾಡಿಗಾದರೆ ಇಷ್ಟು ಬೇಕಿಲ್ಲ, ಜನ ಹೊಂದಿಕೊಂಡು ಕೇಳುತ್ತಾರೆ;
ಇದು ಒಂದು ಸೊನ್ನೆ ಜಾರಿದರೂ ಮೊದಲಿನಿಂದ ಶುರು ಅನ್ನುತ್ತದಂತೆ.

ಕಿರುಚಾಟ ನಿಂತಿತು. ಖಾಲಿ ಟೇಪಿನ ಸುಯ್ಲು.
ಆಮೇಲೆ ಒಬ್ಬ ಹುಡುಗ, ಬಹಳ ಗಂಭೀರವಾಗಿ:
"ಎರಡನೇ ಪ್ರೋಗ್ರಾಂ. ಹಾವಿನಾಟ. ನೂರಾ ಹನ್ನೆರಡು."
ಹಿಂದಿನಿಂದ ಕುಕ್ಕರು ಎರಡು ಸಲ ಕೂಗಿತು, ಯಾರೋ ಹೆಂಗಸು
"ಸಾಕು ಬಾರೋ, ವಾರ್ತೆ ಹೊತ್ತಾಯ್ತು, ಟಿವಿ ಬಿಡು" ಅಂದರು.
ಮತ್ತೆ ಕಿರುಚಾಟ.

ಜಯಸಿಂಹ ಬಾಗಿಲ ಕಡೆ ನೋಡುತ್ತಿದ್ದರು, ಅಲ್ಲಿ
ಗಾಡಿ ತುಂಬ ವೈರಿನ ಸುರುಳಿ ಹೋಗುತ್ತಿತ್ತು.
"ಅದು ಕಂಪ್ಯೂಟರಿಗೆ ಲೆಕ್ಕಕ್ಕಿಲ್ಲ," ಅಂದರು ಕೊನೆಗೆ,
"ಬರೀ ಗದ್ದಲ. ಮಧ್ಯದ್ದನ್ನು ಬಿಟ್ಟು ಮುಂದಿನದಕ್ಕೆ ಕಾಯುತ್ತದೆ."
ರಿವೈಂಡ್ ಮಾಡಲೇ, ಅಂತ ಕೇಳಿದೆ.
"ನೂರಾ ಹನ್ನೆರಡಕ್ಕೆ," ಅಂದವರು
"ನೂರಾ ಹತ್ತಕ್ಕೇ ಮಾಡಿಬಿಡಿ" ಅಂದರು.

ಬೆನ್ನು ಮುಚ್ಚಿದ ಮೇಲೆ, ಅವರು ಚಿಲ್ಲರೆ ಹುಡುಕುವಷ್ಟರಲ್ಲಿ
ಇಪ್ಪತ್ತು ಸಲ ಒತ್ತಿದೆ.
ಹನ್ನೊಂದಕ್ಕೇ ಹೆಬ್ಬೆರಳು ಸೋತಿತು.
ಮಿಕ್ಕ ಒಂಬತ್ತು, ತೋರುಬೆರಳಿನಲ್ಲಿ.